ವಸ್ತಿ ಬಸ್ಸಿನ ರೊಟ್ಟಿ

ನಮ್ಮ ಕಡೆ ಯಾವುದಾದರೂ ಮನೆಯಲ್ಲಿ ಹಿರಿಯರು ತೀರಿಕೊಂಡು ವರ್ಷ ತುಂಬಲು ಬಂತೆಂದರೆ ಮೊದಲು ಅಡುಗೆಯವರಿಗೆ ಫೋನು ಹೋಗುತ್ತದೆ, ಆಮೇಲೆ ಪೆಂಡಾಲಿನವರಿಗೆ, ಆಮೇಲೆ ನನಗೆ. ಪುಣ್ಯಸ್ಮರಣೆಗೆ ಬಂದವರಿಗೆ ಊಟವಾದ ಮೇಲೆ ಎಲೆ ಅಡಿಕೆಯ ಜೊತೆ ಒಂದು ಸಣ್ಣ ಪುಸ್ತಕವನ್ನೂ ಕೈಗಿಡುವ ರೂಢಿ ಗದಗು-ಬೆಟಗೇರಿ ಸುತ್ತ ಈಗೀಗ ಚೆನ್ನಾಗಿ ಬೇರು ಬಿಟ್ಟಿದೆ. ಮುಖಪುಟದಲ್ಲಿ ತೀರಿಹೋದವರ ಫೋಟೊ, ಒಳಗೆ ಅವರ ಜೀವನ, ಕೊನೆಯ ಪುಟದಲ್ಲಿ ಮಕ್ಕಳು ಮೊಮ್ಮಕ್ಕಳ ಹೆಸರು. ಒಳಗಿನ ಆ ಜೀವನವನ್ನು ಬರೆಯುವವಳು ನಾನು. ಯಾರಾದರೂ ಏನು ಮಾಡುತ್ತೀರಿ ಎಂದರೆ ಲೇಖಕಿ ಎನ್ನುತ್ತೇನೆ. ಮುಂದಿನ ಪ್ರಶ್ನೆ ಬರುವ ಮೊದಲು ಮಾತು ತಿರುಗಿಸುತ್ತೇನೆ.

ನಾನು ಬರೆಯಲು ಹೊರಟದ್ದು ಇದನ್ನಲ್ಲ. ನನ್ನ ಪುಸ್ತಕ ಬೇರೆ ಇತ್ತು. ಮುಂಡರಗಿ ಕಡೆಯ ನಮ್ಮೂರು, ನಮ್ಮವ್ವ, ಕಪ್ಪತಗುಡ್ಡದ ಕಡೆಯಿಂದ ಬೀಸುವ ಗಾಳಿ, ಇಂಥವುಗಳ ಮೇಲೆ ಬರೆದ ಲೇಖನಗಳು. ಪ್ರಕಾಶಕರಿಗೆ ಕಳಿಸಿದೆ. ಒಬ್ಬರೂ ಬೇಡ ಎಂದು ಸಹ ಹೇಳಲಿಲ್ಲ. ಗದಗಿನಲ್ಲಿ ಪ್ರೆಸ್ಸಿಗೇನು ಬರವೇ, ನಾನೇ ಅಚ್ಚು ಹಾಕಿಸಿದೆ. ಪ್ರಕಾಶನದ ಹೆಸರು ಎಂಬಲ್ಲಿ ನಮ್ಮ ಮನೆಯ ಹೆಸರನ್ನೇ ಹಾಕಿಸಿದಾಗ ಎದೆ ಉಬ್ಬಿತ್ತು. ಪುಸ್ತಕದ ಗಂಟುಗಳು ಆಟೋದಿಂದ ಇಳಿದ ಮೇಲೆ ಮಾರುವುದು ಯಾರು ಎಂಬ ಪ್ರಶ್ನೆ ಎದುರಿಗೆ ನಿಂತಿತು.

ನಾನೇ ಮಾರಿದೆ. ಮದುವೆ, ಸೀಮಂತ, ಹೊಸ ಮನೆ ಪ್ರವೇಶ, ಎಲ್ಲಿಗೆ ಹೋದರೂ ಚೀಲದಲ್ಲಿ ಪುಸ್ತಕ. ನಾನು ಪಂಕ್ತಿಯ ಕಡೆ ಬರುವುದನ್ನು ಕಂಡರೆ ಸಂಬಂಧಿಕರು ಅರ್ಧ ಊಟಕ್ಕೇ ಕೈ ತೊಳೆಯಲು ಏಳುತ್ತಿದ್ದರು. ಹೊಗಳಿದವರು ಮಾತ್ರ ಹತ್ತಿರ ಬರುತ್ತಿದ್ದರು, ಅವರಿಗೆ ಬೇಕಾದದ್ದು ಗೌರವ ಪ್ರತಿ. "ಅಕ್ಕಾರ, ಭಾಳ ಚೊಲೊ ಬರ್ದೀರಂತ. ಒಂದು ಕೊಡ್ರಲ್ಲ, ಓದಿ ವಾಪಸ್ ಕೊಡ್ತೀನಿ." ಬೆಟಗೇರಿಯಲ್ಲಿ ನೇಕಾರರ ಮನೆಗೆ ಹೋಗಿ ಒಂದು ಸೀರೆ ಕೊಡಿ, ಉಟ್ಟು ವಾಪಸ್ ಕೊಡುತ್ತೇನೆ ಎಂದು ಇವರು ಕೇಳಿ ನೋಡಲಿ! ಆ ಸಿಟ್ಟು ಈಗಲೂ ಇದೆ. ಆಗ ನನ್ನ ಗಂಡನ ಹತ್ತಿ ಜಿನ್ನಿಂಗ್ ಫ್ಯಾಕ್ಟರಿ ಕೆಲಸ ಹೋಗಿತ್ತು, ಮನೆ ನಡೆಯುವುದು ನನ್ನ ಬರವಣಿಗೆಯಿಂದಲೇ ಆಗಬೇಕಿತ್ತು. ಸಿಟ್ಟಿನಿಂದ ಒಲೆ ಉರಿಯುವುದಿಲ್ಲ.

ಆ ಪುಸ್ತಕದಲ್ಲಿ ಒಂದು ಪುಟವಿದೆ, ಅದರಿಂದಲೇ ಎಲ್ಲ ಶುರುವಾದದ್ದು. ನಾನು ಸಣ್ಣವಳಿದ್ದಾಗ ನಮ್ಮೂರಿಗೆ ವಸ್ತಿ ಬಸ್ಸು ಬರುತ್ತಿತ್ತು. ಸಂಜೆ ಬಂದು ಊರ ಹೆಬ್ಬಾಗಿಲಾದ ಅಗಸಿಯ ಮುಂದೆ ನಿಂತರೆ ಮರುದಿನ ಬೆಳಿಗ್ಗೆಯೇ ಹೊರಡುವುದು. ಡ್ರೈವರ್ ಕಂಡಕ್ಟರ್ ಬಸ್ಸಿನಲ್ಲೇ ಮಲಗುವರು. ನಮ್ಮವ್ವ ದಿನಾ ಸಂಜೆ ರೊಟ್ಟಿ ಬಡಿದು ಮುಗಿಸುವಾಗ ಕೊನೆಗೆ ಒಂದು ಹೆಚ್ಚಿನ ರೊಟ್ಟಿ ಬಡಿಯುತ್ತಿದ್ದಳು. ಅದಕ್ಕೆ ವಸ್ತಿ ರೊಟ್ಟಿ ಎಂದೇ ಹೆಸರು. ಅದರ ಮೇಲೆ ಶೇಂಗಾ ಚಟ್ನಿ, ಇದ್ದರೆ ಪಲ್ಯ ಹಾಕಿ, ಅರಿವೆಯಲ್ಲಿ ಸುತ್ತಿ, ತಾನೇ ಹೋಗಿ ಕೊಟ್ಟು ಬರುತ್ತಿದ್ದಳು. ಯಾವ ಊರಿನವರು, ಯಾರ ಪೈಕಿ, ಒಂದೂ ಕೇಳುತ್ತಿರಲಿಲ್ಲ. ಊರಿನ ಹೆಂಗಸರು ಕೇಳುತ್ತಿದ್ದರು. ಬಸ್ಸಿನ ಗಂಡಸರಿಗೆ ರೊಟ್ಟಿ ಒಯ್ಯುವ ಹೆಂಗಸಿನ ಬಗ್ಗೆ ಬಾವಿಯ ಹತ್ತಿರ ಏನೇನು ಮಾತಾಗುತ್ತಿತ್ತೆಂದು ಹೇಳಬೇಕಾಗಿಲ್ಲ. ನಮ್ಮಪ್ಪನೂ ಒಮ್ಮೆ ನಾಲ್ಕು ಜನರ ಮುಂದೆ ಅವಳಿಗೆ ಹುಚ್ಚಿ ಎಂದಿದ್ದ. ಅವ್ವ ಅತ್ತಳು, ಮರುದಿನ ಮತ್ತೆ ರೊಟ್ಟಿ ಒಯ್ದಳು. ಬಾವಿಯ ಮಾತುಗಳನ್ನು ಬಿಟ್ಟು ಉಳಿದದ್ದನ್ನು ನಾನು ಬರೆದಿದ್ದೆ.

ಗದಗಿನ ಒಂದು ಸಣ್ಣ ಸಭೆಯಲ್ಲಿ ಆ ಪುಟ ಓದಿದೆ. ಸಭೆ ಮುಗಿದ ಮೇಲೆ ಮಲ್ಲಸಮುದ್ರದ ಒಬ್ಬ ರೈತ ಬಂದು, "ನಮ್ಮವ್ವ ಹೋಗಿ ವರ್ಷ ಆಗಾಕ ಬಂತ್ರಿ. ಅಕಿ ಮ್ಯಾಲೂ ಇಂಥಾದ್ದೊಂದು ಬರ್ದು ಕೊಡ್ರಿ, ಛಾಪಿಸಿ ಹಂಚ್ತೀವಿ" ಎಂದ. ಪುಸ್ತಕ ಕೊಳ್ಳದ ಜನ ಪುಸ್ತಕ ಬರೆಸಲು ತಯಾರಿದ್ದರು. ನನಗೆ ಸ್ವರ್ಗ ಸಿಕ್ಕಂತಾಯಿತು.

ಆ ಮೊದಲನೆಯದನ್ನು ಎಷ್ಟು ಶ್ರದ್ಧೆಯಿಂದ ಬರೆದೆ! ಅವರ ಮನೆಯ ಅಡುಗೆಮನೆಯಲ್ಲಿ ದಿನವೆಲ್ಲ ಕುಳಿತು ಕೇಳಿದೆ. ಎಂಥ ಮುದುಕಿ ಅವಳು. ನಶೆಪುಡಿ ಏರಿಸುತ್ತಿದ್ದಳು, ಬೈದರೆ ಓಣಿಯೇ ಬಾಗಿಲು ಹಾಕಿಕೊಳ್ಳುತ್ತಿತ್ತು, ಗಂಡ ಹೊಡೆಯಲು ಬಂದಾಗ ಅವನ ಕೈಯ ಬಾರಕೋಲನ್ನೇ ಕಸಿದು ಒಲೆಗೆ ಹಾಕಿದ್ದಳು. ಎಲ್ಲ ಬರೆದು ಒಯ್ದೆ. ಮಕ್ಕಳು ಓದಿ ಒಬ್ಬರ ಮುಖ ಒಬ್ಬರು ನೋಡಿದರು. "ಇದೆಲ್ಲ ಖರೆ ಐತ್ರಿ, ಆದ್ರ ಬೀಗರು ಓದ್ತಾರಲ್ರಿ" ಎಂದರು. ನಶೆಪುಡಿ ಹೋಯಿತು, ಬೈಗುಳ ಹೋಯಿತು, ಬಾರಕೋಲು ಹೋಯಿತು. ಉಳಿದದ್ದು ಹುಟ್ಟಿದ ಊರು, ಕೊಟ್ಟ ಊರು, ಹೋದ ದಿನ. "ಚೊಲೊ ಚೊಲೊ ಹಾಕ್ರಿ" ಎಂದರು. ಮನೆಗೆ ಬಂದು ಗಂಡನ ಮುಂದೆ ಗೋಳಾಡಿದೆ. ಅವನು ನಕ್ಕು, "ಸತ್ತ ಎಮ್ಮಿಗೆ ಹತ್ತು ಸೇರು ಹಾಲು. ನೀನೂ ಹಿಂಡು" ಎಂದ.

ಎರಡನೆಯದು ಹರ್ತಿಯದು. ಅಣ್ಣ ತಮ್ಮಂದಿರು ತಮ್ಮ ತಾಯಿಯ ಬಗ್ಗೆ ಹೇಳಿದ್ದು ಒಂದು ಪುಟಕ್ಕೂ ಸಾಲದು. ಒಳ್ಳೆಯವಳಿದ್ದಳು, ದುಡಿದಳು, ಹೋದಳು. ಗಂಡುಮಕ್ಕಳಿಗೆ ತಾಯಿಯ ಬಗ್ಗೆ ಗೊತ್ತಿರುವುದೇ ಅಷ್ಟು. ಪ್ರೆಸ್ಸಿನವರು ಅವಸರ ಮಾಡುತ್ತಿದ್ದರು. ಆಗ ನಿಮ್ಮೂರಿಗೆ ಹಿಂದೆ ವಸ್ತಿ ಬಸ್ಸು ಇತ್ತೇ ಎಂದು ಫೋನಿನಲ್ಲಿ ಕೇಳಿದೆ. ಇತ್ತು ಎಂದರು. ನಾನು ಕೇಳಿ ಖಾತ್ರಿ ಮಾಡಿಕೊಂಡದ್ದು ಅದೊಂದನ್ನೇ.

"ಆ ತಾಯಿ ದಿನದ ಕೊನೆಯ ರೊಟ್ಟಿಯನ್ನು ಮನೆಯವರಿಗಾಗಿ ಬಡಿಯುತ್ತಿರಲಿಲ್ಲ. ಅದು ವಸ್ತಿ ಬಸ್ಸಿನವರದು. ಹಸಿದು ಬಂದವರು ಎಂಬುದಷ್ಟೇ ಆಕೆಗೆ ಸಾಕಿತ್ತು." ಹೀಗೆ ಬರೆದೆ. ಒಂದು ಶಬ್ದವನ್ನೂ ಹೊಡೆದು ಹಾಕದೆ ಬರೆದೆ, ಅದು ಹೆಚ್ಚಿನ ನಾಚಿಕೆಯ ವಿಷಯ.

ಪುಣ್ಯಸ್ಮರಣೆಯ ದಿನ ಅದನ್ನು ಓದಿದಾಗ ಪೆಂಡಾಲಿನಲ್ಲಿ ಸೆರಗು ಕಣ್ಣಿಗೆ ಹೋಗದ ಹೆಂಗಸಿರಲಿಲ್ಲ. ಇದು ಎಲ್ಲಿಯ ಮಾತು ಎಂದು ಯಾರಾದರೂ ಕೇಳುತ್ತಾರೆಂದು ಕಾಯುತ್ತಿದ್ದೆ. ಕೇಳಲಿಲ್ಲ. ಹಿರಿಯ ಮಗನೇ, "ಹೌದ್ರಿ, ಇಡತಿದ್ಲು ನಮ್ಮವ್ವ, ನನಗ ಸಣ್ಣಾಗಿ ನೆನಪೈತಿ" ಎಂದ. ಅವರ ಮನೆಯ ಮಗಳು, ಬೇರೆ ಊರಿಗೆ ಕೊಟ್ಟವಳು, ನನ್ನ ಕೈ ಹಿಡಿದು ಬಿಡಲೇ ಇಲ್ಲ. "ನಮ್ಮವ್ವನ್ನ ಮತ್ತ ನೋಡಿದಂಗಾತ್ರಿ" ಎಂದು ಅತ್ತಳು.

ಆಮೇಲೆ ಆ ರೊಟ್ಟಿ ಎಲ್ಲ ಪುಸ್ತಕಕ್ಕೂ ಬಂತು. ಶಿರಹಟ್ಟಿಯ ಅಂಗಡಿಕಾರರ ತಾಯಿ ಇಟ್ಟಳು, ಮುಂಡರಗಿಯ ಮೇಷ್ಟರ ತಾಯಿ ಇಟ್ಟಳು. ಬಸ್ಸಿಲ್ಲದ ಕಡೆ ದಾರಿಹೋಕರಿಗೆ ಇಟ್ಟರು. ಮಾತು ಕೊಂಚ ಬದಲಿಸುತ್ತಿದ್ದೆ, ರೊಟ್ಟಿ ಅದೇ. ಜನ ಅಳುತ್ತಿದ್ದರು, ಹೊಸಬರು ಅಲ್ಲೇ ನನ್ನ ನಂಬರು ಕೇಳುತ್ತಿದ್ದರು, ಮಗನ ಕಾಲೇಜು ನಡೆಯುತ್ತಿತ್ತು. ನನ್ನ ಸ್ವಂತ ಪುಸ್ತಕದಲ್ಲಿ ಯಾರೂ ಓದದೆ ಬಿದ್ದಿದ್ದ ಪುಟವನ್ನು ಈಗ ಮನೆಮನೆಗಳಲ್ಲಿ ದೇವರ ಮಾಡದಲ್ಲಿ ಇಟ್ಟುಕೊಂಡಿದ್ದರು. ಕೆಲವು ದಿನ ಅದನ್ನೇ ಗೆಲುವು ಎಂದುಕೊಂಡೆ.

ಮುಂಡರಗಿ ಕಡೆ ತಮ್ಮನ ಮನೆಯಲ್ಲಿರುವ ಅವ್ವನಿಗೆ ಪ್ರತಿ ಪುಸ್ತಕದ ಒಂದು ಪ್ರತಿ ಕಳಿಸಬೇಕು, ಅದು ಅವಳ ಹಟ. ಅವಳಿಗೆ ಓದು ಬಾರದು. ತಮ್ಮನ ಹೆಂಡತಿಯ ಕೈಯಲ್ಲಿ ಓದಿಸಿ ಕೇಳುತ್ತಾಳೆ. ಹರ್ತಿಯ ಪುಸ್ತಕ ಕೇಳಿಸಿದ ದಿನ ಅವಳ ಫೋನು ಬಂತು. ಸಿಕ್ಕಿಬಿದ್ದೆ ಎಂದುಕೊಂಡು ಎತ್ತಿದೆ. "ಏ ಯವ್ವಾ, ಹರ್ತಿಯಾಕಿನೂ ವಸ್ತಿ ಬಸ್ಸಿಗೆ ರೊಟ್ಟಿ ಇಡತಿದ್ಲಂತ! ನನ್ನಂಥಾಕಿ ಇನ್ನೊಬ್ಬಾಕಿ ಇದ್ದದ್ದು ಗೊತ್ತಿದ್ರ ಒಮ್ಮೆ ಹೋಗಿ ಭೆಟ್ಟಿ ಆಗಿ ಬರ್ತಿದ್ದೆ" ಎಂದಳು. ನಾನು ಹೂಂ ಎಂದೆ. ಶಿರಹಟ್ಟಿಯದು ಕೇಳಿದ ಮೇಲೆ ಅವಳ ದನಿಯೇ ಬದಲಾಗಿತ್ತು. "ಎಲ್ಲಾ ಹೆಣ್ಮಕ್ಕಳೂ ಇಡತಿದ್ರು ನೋಡು. ನಿಮ್ಮಪ್ಪ ನನಗೊಬ್ಬಾಕಿಗೇ ಹುಚ್ಚಿ ಅಂದ." ಅಷ್ಟು ವರ್ಷ ಅವಳ ಎದೆಯಲ್ಲಿ ಬಾವಿಯ ಹತ್ತಿರದ ಮಾತು ಚುಚ್ಚಿಕೊಂಡೇ ಇತ್ತೆಂದು ನನಗೆ ಆಗ ಗೊತ್ತಾಯಿತು. ನನ್ನ ಸುಳ್ಳು ಅದನ್ನು ಕಿತ್ತು ತೆಗೆದಿತ್ತು. ಇನ್ನು ಖರೆ ಹೇಳುವುದು ಹೇಗೆ?

ಕಳೆದ ವರ್ಷ ಶಿಗ್ಲಿಯಿಂದ ಒಬ್ಬರು ಫೋನು ಮಾಡಿದರು. ತಾಯಿಯ ಪುಣ್ಯಸ್ಮರಣೆ, ಪುಸ್ತಕ ಬೇಕು, ನೀವೇ ಬರೆಯಬೇಕೆಂದು ಮನೆಯಲ್ಲಿ ಹೇಳಿದ್ದಾರೆ ಎಂದರು. ಮನೆಯಲ್ಲಿ ಅಂದರೆ ಯಾರು ಎಂದು ನಾನು ಕೇಳಲಿಲ್ಲ. ಹುಟ್ಟಿದ ಊರು, ಕೊಟ್ಟ ಊರು, ಹೋದ ದಿನ ಬರೆದುಕೊಂಡೆ, ಉಳಿದದ್ದು ಕೈಗೆ ರೂಢಿಯಾಗಿತ್ತು.

ಆ ದಿನ ಲಕ್ಷ್ಮೇಶ್ವರದಲ್ಲಿ ಬಸ್ಸು ಬದಲಿಸಿ ಶಿಗ್ಲಿಗೆ ಹೋದೆ. ವೇದಿಕೆಯ ಮೇಲೆ ಕೂರಿಸಿ ಶಾಲು ಹೊದಿಸಿದರು. ಪುಸ್ತಕ ಬಿಡುಗಡೆ ಆಯಿತು. ಇನ್ನು ಒಂದೆರಡು ಪುಟ ಓದಬೇಕು, ಹಿರಿಯ ಸೊಸೆ ಓದುತ್ತಾರೆ ಎಂದು ಕೂಗಿದರು. ಸೆರಗು ಸರಿಮಾಡಿಕೊಂಡು ಮೈಕಿನ ಮುಂದೆ ಬಂದು ನಿಂತವಳನ್ನು ಕಂಡೊಡನೆ ಗುರುತು ಹಿಡಿದೆ. ಹರ್ತಿಯ ಮನೆಯ ಮಗಳು! ನನ್ನ ಕೈ ಹಿಡಿದು ಅತ್ತವಳು. ಅವಳನ್ನು ಶಿಗ್ಲಿಗೆ ಕೊಟ್ಟಿದ್ದಾರೆಂದು ನಾನು ಕೇಳಿ ತಿಳಿದಿರಲಿಲ್ಲ. ಮೂರು ಪುಟದ ಜೀವನ ಬರೆಯುವವಳಿಗೆ ಮಗಳು ಯಾವ ಊರಲ್ಲಿದ್ದಾಳೆಂಬುದು ಯಾಕೆ ಬೇಕು!

ಅವಳು ಓದಿದಳು. ರೊಟ್ಟಿಯ ಜಾಗ ಬಂತು. "ಆ ತಾಯಿ ದಿನದ ಕೊನೆಯ ರೊಟ್ಟಿಯನ್ನು" ಎಂದು ಓದಿ ನಿಂತಳು. ಜನ ಅತ್ತೆಯ ನೆನಪಿನ ದುಃಖವೆಂದುಕೊಂಡರು. ಅವಳು ತಿರುಗಿ ನನ್ನ ಕಡೆ ನೋಡಿದಳು. ಸಿಟ್ಟಿದ್ದರೆ ತಡೆದುಕೊಳ್ಳುತ್ತಿದ್ದೆ. ಏನೋ ಕಳೆದುಕೊಂಡವರು ಹುಡುಕುವ ಹಾಗೆ ನೋಡಿದಳು. ಮತ್ತೆ ಮುಂದಕ್ಕೆ, ಒಂದು ಅಕ್ಷರ ಬಿಡದೆ, ಪೂರ್ತಿ ಓದಿದಳು. ಪೆಂಡಾಲಿನ ಹೆಂಗಸರು ಎಂದಿನಂತೆ ಅತ್ತರು. ಶಾಲು ಹೊದ್ದುಕೊಂಡು ಕುಳಿತ ನನಗೆ ಭೂಮಿ ಬಾಯಿ ಬಿಡಬಾರದೇ ಅನಿಸಿತು.

ಊಟಕ್ಕೆ ನಿಲ್ಲದೆ ಹೊರಡಬೇಕೆಂದಿದ್ದೆ, ಅವಳು ಬಿಡಲಿಲ್ಲ. ಒಳಗಿನ ಪಡಸಾಲೆಯಲ್ಲಿ ನನ್ನೊಬ್ಬಳನ್ನೇ ಕೂರಿಸಿ ಬಡಿಸಿದಳು. ಎದುರಿಗೆ ಕುಳಿತು ಸಣ್ಣ ದನಿಯಲ್ಲಿ ಮಾತಾಡಿದಳು.

"ನಮ್ಮತ್ತಿ ಒಂದು ದಿನಾನೂ ಹೊರಗಿನವರಿಗೆ ಒಂದು ತುತ್ತು ಹಾಕಿದಾಕಿ ಅಲ್ರಿ. ಇರಲಿ, ಸತ್ತವರ ಮ್ಯಾಲೆ ಎಲ್ಲಾರೂ ಚೊಲೊ ಬರೀತಾರ. ನನಗ ಒಂದು ಹೇಳ್ರಿ. ನಮ್ಮವ್ವಂದರ ಖರೆ ಐತೇನು?"

ನಾನು ತಾಟಿನಲ್ಲಿದ್ದ ರೊಟ್ಟಿ ಮುರಿಯತೊಡಗಿದೆ.

"ಯಾಕ ಕೇಳ್ತೀನಂದ್ರ, ನಿಮ್ಮ ಪುಸ್ತಕ ಓದಿದಾಗಿಂದ ನಾನೂ ದಿನಾ ಒಂದು ರೊಟ್ಟಿ ಹೆಚ್ಚಿಗಿ ಬಡೀತೀನ್ರಿ. ನಮ್ಮವ್ವನ ಹೆಸರಿಲೆ. ಓಣ್ಯಾಗ ಯಾರಾರ ಒಬ್ಬರಿಗೆ ಕೊಡ್ತೀನಿ. ಅಕಿ ಕೂಡ ಕುಂತು ಬಡದಂಗ ಅನಸ್ತೈತಿ. ಅದು ಅಕೀದು ಹೌದೋ ಅಲ್ಲೋ?"

ಹೌದು ಎಂದುಬಿಡಬಹುದಿತ್ತು. ನಿಮ್ಮ ಅಣ್ಣ ಹೇಳಿದ್ದು ಎಂದಿದ್ದರೆ ಮುಗಿಯುತ್ತಿತ್ತು, ಅಣ್ಣನೂ ಸಾಕ್ಷಿ ಹೇಳುತ್ತಿದ್ದ. ಆದರೆ ಎದುರಿಗೆ ಕುಳಿತವಳ ಮುಖ ನೋಡುತ್ತ ಅದನ್ನು ಹೇಳುವಷ್ಟು ಗಟ್ಟಿಗಿತ್ತಿ ನಾನಲ್ಲ. ಕಾಗದದ ಮೇಲೆ ಮಾತ್ರ ನನ್ನ ಧೈರ್ಯ.

"ಅಲ್ರಿ" ಎಂದೆ. "ನಮ್ಮವ್ವಂದು."

ಅವಳು ನನ್ನ ತಾಟಿನ ಕಡೆ ನೋಡಿದಳು. "ಅದಾರೇನ್ರಿ ನಿಮ್ಮವ್ವಾರು?" ಎಂದಳು. ಇದ್ದಾಳೆ ಎಂದೆ. "ಒಮ್ಮೆ ನೋಡಬೇಕ್ರಿ. ಇಷ್ಟು ದಿನಾ ಅವರ ರೊಟ್ಟಿ ಬಡದೀನಿ." ಬೈಯಲಿಲ್ಲ. ಬೈದಿದ್ದರೆ ನಾನೂ ಏನಾದರೂ ಅಂದು ಹಗುರಾಗುತ್ತಿದ್ದೆ.

ಮರೆತಾಳು ಎಂದು ಆಸೆ ಪಟ್ಟಿದ್ದೆ. ಶೀಗಿ ಹುಣ್ಣಿಮೆ ಮುಗಿಯುತ್ತಲೇ ಫೋನು ಮಾಡಿದಳು. ಶಿರಹಟ್ಟಿ ಬಸ್ ಸ್ಟ್ಯಾಂಡಿನಲ್ಲಿ ಕೂಡಿದೆವು. ಕಂಡಕ್ಟರಿಗೆ ಇಬ್ಬರೂ ಆಧಾರ್ ಕಾರ್ಡು ತೋರಿಸಿ, ಪುಕ್ಕಟೆ ಟಿಕೆಟ್ಟಿನಲ್ಲಿ ಮುಂಡರಗಿಗೆ ಹೊರಟೆವು. ದಾರಿಯುದ್ದಕ್ಕೂ ಅವಳು ಉಳ್ಳಾಗಡ್ಡಿ ಬೆಳೆ, ಮಕ್ಕಳ ಪರೀಕ್ಷೆ ಇಂಥವನ್ನೇ ಮಾತಾಡಿದಳು. ಗುಡ್ಡದ ಮೇಲೆ ಗಾಳಿಯಂತ್ರಗಳು ತಿರುಗುತ್ತಿದ್ದವು. ಕಳ್ಳನ ಮನಸ್ಸು ಹುಳ್ಳಹುಳ್ಳಗೆ ಎನ್ನುತ್ತಾರಲ್ಲ, ಅವಳು ಕೆಮ್ಮಿದರೂ ನನಗೆ ಈಗ ಆ ಮಾತು ತೆಗೆಯುತ್ತಾಳೆ ಅನಿಸುತ್ತಿತ್ತು. ಅವ್ವನಿಗೆ ಮೊದಲೇ ಫೋನಿನಲ್ಲಿ ಎಲ್ಲ ಹೇಳಿಬಿಡಬೇಕೆಂದು ನಿಶ್ಚಯ ಮಾಡಿದ್ದೆ. ಫೋನೂ ಮಾಡಿದ್ದೆ. ಹರ್ತಿಯವರ ಮಗಳು ಬರುತ್ತಾಳೆ ಎಂದಷ್ಟೇ ಹೇಳಿ ಇಟ್ಟಿದ್ದೆ.

ಅವ್ವ ಬಾಗಿಲಲ್ಲೇ ಕಾಯುತ್ತಿದ್ದಳು. ಹಬ್ಬಕ್ಕೆ ಉಡುವ ಇಳಕಲ್ ಸೀರೆ ಉಟ್ಟಿದ್ದಳು. "ಬಾ ತಂಗಿ, ಒಳಗ ಬಾ, ಕುಂಡ್ರು" ಎಂದು ಅವಳ ಕೈ ಹಿಡಿದು ಹೊರಸಿನ ಮೇಲೆ ತನ್ನ ಪಕ್ಕಕ್ಕೇ ಕೂರಿಸಿಕೊಂಡಳು. ಗೋಡೆಯ ಮಾಡದಲ್ಲಿ ನಾನು ಬರೆದ ಪುಸ್ತಕಗಳು ಸಾಲಾಗಿ ಇದ್ದವು. ಅವ್ವ ಹರ್ತಿಯದನ್ನು ಮುಖಪುಟದ ಫೋಟೊ ನೋಡಿ ಗುರುತಿಸಿ ತೆಗೆದುಕೊಂಡಳು.

"ಇಕಿನ ಅಲ್ಲೇನು ನಿಮ್ಮವ್ವ? ಓದಿಸಿ ಓದಿಸಿ ಕೇಳೀನಿ. ಇಕಿನೂ ನನ್ನಂಗ ರೊಟ್ಟಿ ಇಡತಿದ್ಲಂತಲ್ಲ?"

ನಾನು ಕಂಬಕ್ಕೆ ಆತು ನಿಂತಿದ್ದೆ. ಈಗ ಬಂತು ಎಂದುಕೊಂಡೆ. ಬರಲಿ, ಮುಗಿಯಲಿ ಎಂದೂ ಅನಿಸಿತು. ಹರ್ತಿಯವಳು ಪುಸ್ತಕದ ಮೇಲಿನ ತಾಯಿಯ ಫೋಟೊ ನೋಡಿದಳು, ಅವ್ವನ ಮುಖ ನೋಡಿದಳು. ನನ್ನ ಕಡೆ ನೋಡಲಿಲ್ಲ.

"ಹೌದ್ರಿ ಯವ್ವಾ" ಎಂದಳು. "ಇಡತಿದ್ಲು."

"ಆಕಿಗೂ ಮಂದಿ ಆಡಿಕೊಂಡ್ರೇನು?"

"ಆಡಿಕೊಂಡ್ರು ರೀ. ಅಕಿ ಬಿಡ್ಲಿಲ್ಲ."

ಅವ್ವ ಅವಳ ಬೆನ್ನು ಸವರಿದಳು. ಆಮೇಲೆ ನನ್ನ ಕಡೆ ಗದ್ದ ಎತ್ತಿ ತೋರಿಸಿ, ಹೆಮ್ಮೆಯಿಂದ, "ನನ್ನ ಮಗಳು ಒಂದು ಸುಳ್ಳು ಬರಿಯಂಗಿಲ್ಲ ನೋಡು" ಎಂದಳು. ಹರ್ತಿಯವಳು ಆಗಲೂ ನನ್ನ ಕಡೆ ನೋಡಲಿಲ್ಲ. ನೀರು ಕುಡಿಯುವ ನೆಪ ಮಾಡಿ ನಾನು ಹಿತ್ತಲಿಗೆ ಹೋದೆ. ಅಲ್ಲಿ ನಿಂತು ಅತ್ತೆ. ಅವಳ ತಾಯಿಯನ್ನು ಅವಳಿಂದ ಕಸಿದವಳು ನಾನು, ನನ್ನ ತಾಯಿಯನ್ನು ನನಗೆ ಉಳಿಸಿಕೊಟ್ಟವಳು ಅವಳು. ಅದೂ ನನ್ನದೇ ಸುಳ್ಳು ಹೇಳಿ.

ಹೊರಡುವಾಗ ಅವ್ವ ಒಂದು ರೊಟ್ಟಿಯ ಮೇಲೆ ಚಟ್ನಿ ಹಾಕಿ, ಅರಿವೆಯಲ್ಲಿ ಸುತ್ತಿ ಕೊಟ್ಟಳು. ಹರ್ತಿಯವಳು ಎರಡೂ ಕೈಯಿಂದ ತೆಗೆದುಕೊಂಡು ಕಣ್ಣಿಗೆ ಒತ್ತಿಕೊಂಡಳು. ಶಿರಹಟ್ಟಿಯಲ್ಲಿ ಇಳಿಯುವಾಗ ಮಾತ್ರ ನನಗೆ ಒಂದು ಮಾತು ಹೇಳಿದಳು. "ಇನ್ನ ಮ್ಯಾಲೆ ಯಾರ ಪುಸ್ತಕದಾಗೂ ಹಾಕಬ್ಯಾಡ್ರಿ ಅಕ್ಕಾರ." ಹಾಕುವುದಿಲ್ಲ ಎಂದು ಆಣೆ ಮಾಡಿದೆ.

ಆಣೆ ಮುರಿದಿಲ್ಲ. ಕಸುಬು ಬಿಡಲು ಆಗಿಲ್ಲ, ಆದರೆ ಈಗ ಮತ್ತೆ ಅಡುಗೆಮನೆಗಳಲ್ಲಿ ಕೂರುತ್ತೇನೆ, ಹೆಣ್ಣುಮಕ್ಕಳನ್ನು ಹುಡುಕಿ ಕೇಳುತ್ತೇನೆ. ಮೊನ್ನೆ ಬೆಟಗೇರಿಯ ಒಬ್ಬ ತಾಯಿಯ ಪುಸ್ತಕ ಬಂತು. ಮಗ್ಗದ ಮುಂದೆ ಕುಳಿತು ಲಾಳಿಯ ಸದ್ದಿಗೆ ಸರಿಯಾಗಿ ಸೊಸೆಯಂದಿರನ್ನು ಬೈಯುತ್ತಿದ್ದಳಂತೆ. ಅವರ ಮನೆಯವರು ಅದನ್ನು ಹಾಗೇ ಬಿಟ್ಟರು. ಹರ್ತಿಯದರ ನಂತರ ರೊಟ್ಟಿಯ ಮಾತಿಲ್ಲದ ಮೊದಲ ಪುಸ್ತಕ. ಎಂದಿನಂತೆ ಅವ್ವನಿಗೂ ಒಂದು ಕಳಿಸಿದೆ.

ಎರಡು ದಿನಕ್ಕೆ ಅವಳ ಫೋನು ಬಂತು. ದನಿಯಲ್ಲಿ ಬೇಸರವಿತ್ತು. "ಪೂರ್ತಿ ಓದಿಸಿ ಕೇಳಿದೆ. ಇಕಿ ಎಂಥಾಕಿಲೇ, ಹಸದವರಿಗೆ ಒಂದು ರೊಟ್ಟಿ ಇಡಲಿಲ್ಲಂತ?"

ಅವ್ವ ಕಾಯುತ್ತಿದ್ದಳು.

"ಇಡತಿದ್ಲವ್ವಾ" ಎಂದೆ. "ಬರಿಯೂದು ಬಿಟ್ಟು ಹೋಗೈತಿ."